ತಪ್ಪಿಹೋದದ್ದರ ಲೆಕ್ಕ

ರಿವ್ಯೂ ಅನ್ನೋ ಪದಕ್ಕೆ ಕನ್ನಡದಲ್ಲಿ ವಿಮರ್ಶೆ ಅಂತಾರೆ. ಸಾಹಿತ್ಯದವರು ಈ ಪದವನ್ನು ಬಹಳ ಗಂಭೀರವಾಗಿ ತಗೋತಾರೆ. ವಿಮರ್ಶೆ ಬೇರೆ, ಪುಸ್ತಕ ಪರಿಚಯ ಬೇರೆ, ಬಿಡುಗಡೆ ಸಮಾರಂಭದ ಭಾಷಣ ಬೇರೆ ಅಂತ ಗೆರೆ ಎಳೀತಾರೆ. ನಮ್ಮ ಸಾಫ್ಟ್‌ವೇರ್ ಆಫೀಸುಗಳಲ್ಲಿ ಈ ಮೂರೂ ಒಂದೇ. ಸಹೋದ್ಯೋಗಿ ನಾನೂರು ಸಾಲಿನ ಬದಲಾವಣೆ ಕಳಿಸ್ತಾನೆ, ಮೂರು ನಿಮಿಷದಲ್ಲಿ ಅದರ ಕೆಳಗೆ ‘ಎಲ್‌ಜಿಟಿಎಂ’ ಅಂತ ಬೀಳುತ್ತೆ. ನನ್ನ ಕಣ್ಣಿಗೆ ಚೆನ್ನಾಗೇ ಕಾಣ್ತಿದೆ ಅನ್ನೋದರ ಹ್ರಸ್ವರೂಪ ಅದು. ಶಾಲು ಹೊದಿಸಿ, ಹಾರ ಹಾಕಿ, ನಾಲ್ಕು ಒಳ್ಳೆ ಮಾತಾಡಿ ವೇದಿಕೆ ಇಳಿದ ಹಾಗೆ. ಪುಸ್ತಕ ಓದಿದ್ದಾರಾ ಅಂತ ಯಾರೂ ಕೇಳೋದಿಲ್ಲ.

ಬದಲಾವಣೆ ಮಾಡಿದವನು ಅದರ ಜೊತೆ ಬರೆಯೋ ಟಿಪ್ಪಣಿಯದ್ದಂತೂ ಇನ್ನೊಂದು ಕಥೆ. ‘ಮೈನರ್ ಫಿಕ್ಸ್’. ‘ಫೈನಲ್ ಚೇಂಜ್’. ಮರುದಿನ ‘ಫೈನಲ್ ಚೇಂಜ್ 2’. ಎರಡು ವರ್ಷ ಬಿಟ್ಟು ಯಾರಾದರೂ ಇದನ್ನು ಓದಬಹುದು, ಅದೂ ರಾತ್ರಿ ಎರಡು ಗಂಟೆಗೆ, ಫೋನ್ ಬಡ್ಕೊಳ್ತಿರುವಾಗ ಓದಬಹುದು ಅನ್ನೋ ಯೋಚನೆಯೇ ಅದರಲ್ಲಿ ಇರೋದಿಲ್ಲ.

ಹಾಗಾಗಿ ಈ ಸಲ ಒಂದು ನಿಜವಾದ ವಿಮರ್ಶೆ ಬರೆಯೋಣ ಅಂತ ಕೂತಿದ್ದೀನಿ. ಕೃತಿ ಯಾವುದು ಅಂದ್ರೆ, ಲಿನಕ್ಸ್ ಕರ್ನಲ್ಲಿನ ಒಳಗೆ ಇರೋ ಕೆಪ್ರೋಬ್ಸ್ ಅನ್ನೋ ಡೀಬಗ್ಗಿಂಗ್ ಸೌಲಭ್ಯ. ಅದರ ಕೋಡಿಗಿಂತ ಹೆಚ್ಚಾಗಿ ಅದರ ಸುತ್ತ ಬೆಳೆದಿರೋ ಬರಹ. ಕೋಡ್ ಕಡತದ ತಲೆಯಲ್ಲಿರೋ ಕೆಲವು ಸಾಲು, ಜೊತೆಗಿರೋ ದಾಖಲೆ, ಇಪ್ಪತ್ತು ವರ್ಷದಲ್ಲಿ ಅದಕ್ಕೆ ಆದ ಬದಲಾವಣೆ, ಆಗಬೇಕಿದ್ದೂ ಆಗದ ಬದಲಾವಣೆ. ಇದನ್ನೇ ಆರಿಸಿಕೊಂಡಿದ್ದಕ್ಕೆ ಒಂದು ಕಾರಣ, ಇದರ ದೊಡ್ಡ ಭಾಗ ಬರೆದವರು ಬೆಂಗಳೂರಿನಲ್ಲಿ ಕೂತು ಬರೆದರು. ಬೆಂಗಳೂರು ಅಂದ್ರೆ ಬೇರೆ ದೇಶದವರ ಟಿಕೆಟ್ ಮುಚ್ಚೋ ಊರು ಅಂತ ನಾವೇ ನಗಾಡ್ತಿದ್ದ ಕಾಲದಲ್ಲಿ ಬರೆದರು.

ಮೊದಲು ಕೆಪ್ರೋಬ್ಸ್ ಅಂದ್ರೇನು ಅಂತ ನಮ್ಮ ಕಡೆಯ ಉದಾಹರಣೆಯಲ್ಲೇ ಹೇಳಿಬಿಡ್ತೀನಿ. ನಾನು ಚಿದ್ರಿಯವನು, ಬೀದರ್ ಶಹರಕ್ಕೆ ಅಂಟಿಕೊಂಡಿರೋ ಊರು. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ಇದೆ, ಜನ ಸುರಂಗ ಬಾವಿ ಅಂತಾರೆ. ನೆಲದಡಿ ಕೊರೆದು ಮಾಡಿರೋ ನೀರಿನ ಹಾದಿ. ಮೇಲೆ ನಿಂತು ನೋಡಿದವನಿಗೆ ಕೆಳಗೆ ನೀರು ಹರೀತಿದೆ ಅಂತ ಗೊತ್ತೇ ಆಗೋದಿಲ್ಲ. ಆದರೆ ಹಾದಿಯ ಉದ್ದಕ್ಕೂ ಅಲ್ಲಲ್ಲಿ ಬಾವಿಯಂಥ ನೇರ ತೂತುಗಳಿವೆ. ಗಾಳಿ ಆಡೋಕೆ, ಇಳಿದು ಹೂಳು ತೆಗೆಯೋಕೆ. ಬಗ್ಗಿ ನೋಡಿದರೆ ಕೆಳಗಿನ ನೀರಿನ ಸುದ್ದಿ ಸಿಗುತ್ತೆ, ಅದಕ್ಕಾಗಿ ನೀರು ನಿಲ್ಲಿಸಬೇಕಿಲ್ಲ. ಕೆಪ್ರೋಬ್ಸ್ ಮಾಡೋದೂ ಇಷ್ಟೇ. ಓಡ್ತಿರೋ ಕರ್ನಲ್ಲಿನಲ್ಲಿ ನಿಮಗೆ ಬೇಕಾದ ಜಾಗದಲ್ಲಿ ಒಂದು ತೂತು ಕೊರೆದು ಕೊಡುತ್ತೆ. ವ್ಯತ್ಯಾಸ ಅಂದ್ರೆ, ಕೆಲಸ ಮುಗಿದ ಮೇಲೆ ತೂತು ಗುರುತಿಲ್ಲದ ಹಾಗೆ ಮುಚ್ಚಿಕೊಳ್ಳುತ್ತೆ.

ಹೇಗೆ ಅಂದ್ರೆ, ನೀವು ತೋರಿಸಿದ ಜಾಗದಲ್ಲಿರೋ ಯಂತ್ರಸೂಚನೆಯ ಒಂದು ಪ್ರತಿ ತೆಗೆದಿಟ್ಟುಕೊಂಡು, ಮೂಲದ ಮೊದಲ ಬೈಟಿನ ಮೇಲೆ ಬ್ರೇಕ್‌ಪಾಯಿಂಟ್ ಕೂರಿಸುತ್ತೆ. ಪ್ರೊಸೆಸರ್ ಅಲ್ಲಿಗೆ ಬಂದು ಮುಗ್ಗರಿಸಿದ ತಕ್ಷಣ ನೀವು ಕೊಟ್ಟ ಫಂಕ್ಷನ್ ಓಡುತ್ತೆ. ಆಮೇಲೆ ತೆಗೆದಿಟ್ಟ ಪ್ರತಿಯನ್ನು ಒಂದೇ ಹೆಜ್ಜೆ ಓಡಿಸಿ, ಬೇಕಿದ್ದರೆ ನಿಮ್ಮ ಇನ್ನೊಂದು ಫಂಕ್ಷನ್ ಓಡಿಸಿ, ಏನೂ ಆಗದವರ ಹಾಗೆ ಮುಂದಕ್ಕೆ ಬಿಡುತ್ತೆ. ಮಷೀನ್ ರೀಬೂಟ್ ಇಲ್ಲ, ಕರ್ನಲ್ ಮತ್ತೆ ಕಂಪೈಲ್ ಮಾಡೋದಿಲ್ಲ. ಸಿಸ್ಟಮ್‌ಟ್ಯಾಪ್, ಪರ್ಫ್, ಬಿಪಿಎಫ್‌ಟ್ರೇಸ್, ಇವೆಲ್ಲ ಇದರ ಮೇಲೆ ಕೂತಿವೆ. ನಿಮ್ಮ ಕಂಪನಿಯ ಸರ್ವರುಗಳ ಮೇಲೆ ಕಣ್ಣಿಡೋ ಇಬಿಪಿಎಫ್ ಆಧಾರಿತ ಸಾಧನ ಯಾವುದಾದರೂ ಇದ್ದರೆ ಅದೂ ಬಹುಶಃ ಎಲ್ಲೋ ಒಂದು ಕಡೆ ಈ ತೂತಿನಿಂದಲೇ ಇಣುಕ್ತಿರುತ್ತೆ.

ಇದು ಹುಟ್ಟಿದ್ದು ಐಬಿಎಂನ ಡಿಪ್ರೋಬ್ಸ್ ಅನ್ನೋ ದೊಡ್ಡ ಯೋಜನೆಯಿಂದ. ದೊಡ್ಡ ಗಂಟನ್ನು ಕರ್ನಲ್ಲಿಗೆ ಹೊತ್ತು ಹಾಕೋದು ಕಷ್ಟ ಅಂತಾದಾಗ ತೀರಾ ಅಗತ್ಯವಾದ ಸಣ್ಣ ಭಾಗವನ್ನು ಮಾತ್ರ ಬಿಡಿಸಿ ಕೊಟ್ಟರು. 2004ರ ಅಕ್ಟೋಬರಿನಲ್ಲಿ ಬಂದ 2.6.9 ಆವೃತ್ತಿಯಲ್ಲಿ ಅದು ಕರ್ನಲ್ಲಿನ ಒಳಗೆ ಸೇರಿತು.

ಈಗ ಕಡತದ ತಲೆಗೆ ಬರೋಣ. ಅಲ್ಲಿ ಐದು ನಮೂದುಗಳಿವೆ. 2002ರ ಅಕ್ಟೋಬರಿನಲ್ಲಿ ವಂಶಿ ಕೃಷ್ಣ ಮೊದಲ ರೂಪ ಬರೆದರು, ಅದರಲ್ಲಿ ರಸ್ಟಿ ರಸೆಲ್ ಕೊಟ್ಟ ಸಲಹೆಗಳೂ ಸೇರಿವೆ. 2004ರ ಆಗಸ್ಟಿನಲ್ಲಿ ಪ್ರಸನ್ನ ಎಸ್. ಪಂಚಮುಖಿ, ಆಂಡಿ ಕ್ಲೀನ್ ಸೂಚಿಸಿದಂತೆ ಒಳಗಿನ ಪಟ್ಟಿಯ ರಚನೆಯನ್ನೂ ಎಕ್ಸೆಪ್ಶನ್ ಸುದ್ದಿ ಮುಟ್ಟಿಸೋ ವ್ಯವಸ್ಥೆಯನ್ನೂ ಬದಲಿಸಿದರು. 2004ರ ಜುಲೈನಲ್ಲಿ ಸುಪರ್ಣಾ ಭಟ್ಟಾಚಾರ್ಯ, ಫಂಕ್ಷನ್ನಿಗೆ ಬಂದ ಆರ್ಗ್ಯುಮೆಂಟುಗಳನ್ನು ನೋಡೋಕೆ ಜಂಪರ್ ಪ್ರೋಬ್ ಸೇರಿಸಿದರು. ಸೆಪ್ಟೆಂಬರಿನಲ್ಲಿ ಮತ್ತೆ ಪಂಚಮುಖಿ. 2005ರ ಮೇನಲ್ಲಿ ಹಿಯೆನ್ ಗುಯೆನ್, ಜಿಮ್ ಕೆನಿಸ್ಟನ್ ಮತ್ತು ಪಂಚಮುಖಿ ಮೂವರೂ ಸೇರಿ, ಫಂಕ್ಷನ್ ಮುಗಿದು ವಾಪಸಾಗೋ ಜಾಗ ಹಿಡಿಯೋ ರಿಟರ್ನ್ ಪ್ರೋಬ್ ಸೇರಿಸಿದರು. ಅಲ್ಲಿಗೆ ಪಟ್ಟಿ ಮುಗೀತು.

ಓದೋಕೆ ಒಣ ಅನ್ನಿಸಬಹುದು. ನನಗೆ ಇದರಲ್ಲಿ ಮೂರು ವಿಷಯ ಹಿಡಿಸುತ್ತೆ. ಒಂದು, ಸಲಹೆ ಕೊಟ್ಟವರ ಹೆಸರು ಬರೆದವರ ಪಕ್ಕದಲ್ಲೇ ಇದೆ. ಅಂದ್ರೆ ಯಾರೋ ಓದಿದ್ದಾರೆ, ಹೀಗಲ್ಲ ಹಾಗೆ ಮಾಡು ಅಂದಿದ್ದಾರೆ, ಇವರು ಒಪ್ಪಿ ಬದಲಾಯಿಸಿದ್ದಾರೆ. ಮೂರೂ ಒಂದೇ ವಾಕ್ಯದಲ್ಲಿ ದಾಖಲಾಗಿದೆ. ನಮ್ಮ ಅಪ್ರೈಸಲ್ ಫಾರ್ಮುಗಳಲ್ಲಿ ಇಂಥ ಒಂದು ವಾಕ್ಯ ನಾನು ಈವರೆಗೆ ನೋಡಿಲ್ಲ, ಅಲ್ಲಿ ಎಲ್ಲರೂ ಎಲ್ಲವನ್ನೂ ಒಬ್ಬರೇ ಮಾಡಿರ್ತಾರೆ. ಎರಡು, ಆಗಸ್ಟ್ ಮೇಲಿದೆ, ಜುಲೈ ಕೆಳಗಿದೆ. ಇಪ್ಪತ್ತು ವರ್ಷ ಕಳೆದರೂ ಯಾರೂ ಅದನ್ನು ತಿದ್ದೋಕೆ ಹೋಗಿಲ್ಲ. ಬಂದ ಹಾಗೇ ಬಿಟ್ಟಿದ್ದಾರೆ. ಮೂರು, ಪಟ್ಟಿ 2005ರ ಮೇನಲ್ಲಿ ನಿಂತುಹೋಗಿದ್ದು ಸುಮ್ಮನೆ ಅಲ್ಲ. ಅದೇ ವರ್ಷ ಏಪ್ರಿಲಿನಲ್ಲಿ ಲೈನಸ್ ಟೊರ್ವಾಲ್ಡ್ಸ್ ಗಿಟ್ ಬರೆದರು, ಕರ್ನಲ್ಲಿನ ಗಿಟ್ ಚರಿತ್ರೆ ಏಪ್ರಿಲ್ 16ಕ್ಕೆ ಶುರುವಾಗುತ್ತೆ. ಅಲ್ಲಿಂದಾಚೆ ಯಾರು, ಯಾವಾಗ, ಯಾಕೆ ಅನ್ನೋದು ಕಡತದ ತಲೆಯಿಂದ ಕಮಿಟ್ ಟಿಪ್ಪಣಿಗೆ ಹೋಯಿತು. ಹಳೇ ಅಭ್ಯಾಸ ಒಂದು ತಿಂಗಳು ಹೆಚ್ಚು ಬಾಳಿತು, ಅಷ್ಟೇ.

ಕಮಿಟ್ ಟಿಪ್ಪಣಿಗೆ ಕರ್ನಲ್ಲಿನವರ ನಿಯಮ ಖಡಕ್ಕಾಗಿದೆ. ಮೊದಲು ತೊಂದರೆ ಏನು ಅಂತ ಹೇಳು. ಬಳಸೋರಿಗೆ ಅದು ಹೇಗೆ ಕಾಣಿಸುತ್ತೆ ಹೇಳು. ಆಮೇಲೆ ನೀನು ಮಾಡಿದ್ದೇನು ಹೇಳು. ಅದೂ ಆಜ್ಞಾರ್ಥದಲ್ಲಿ, ಅಂದ್ರೆ ‘ಸರಿಪಡಿಸಿದೆ’ ಅಲ್ಲ, ‘ಸರಿಪಡಿಸು’. ಕೋಡಿಗೇ ಅಪ್ಪಣೆ ಕೊಟ್ಟ ಹಾಗೆ. ಮೊದಲು ನನಗೆ ಇದು ವಿಚಿತ್ರ ಅನ್ನಿಸಿತ್ತು, ಈಗ ಇಷ್ಟವಾಗುತ್ತೆ. ‘ಸರಿಪಡಿಸಿದೆ’ ಅಂದಾಗ ಮಾತು ಮಾಡಿದವನ ಕಡೆ ಹೋಗುತ್ತೆ, ‘ಸರಿಪಡಿಸು’ ಅಂದಾಗ ಕೆಲಸದ ಕಡೆ ಇರುತ್ತೆ.

ನಮ್ಮ ಕಾಕಾ ಚಿದ್ರಿಯಲ್ಲಿ ಪಂಪ್‌ಸೆಟ್ ಮೋಟರ್ ರಿಪೇರಿ ಮಾಡ್ತಿದ್ದ. ಸ್ಟಾರ್ಟರ್ ಡಬ್ಬಿಯ ಮುಚ್ಚಳದ ಒಳಮೈಗೆ ಸೀಮೆಸುಣ್ಣದಲ್ಲಿ ತಾರೀಕು, ಯಾವ ತಂತಿ ಬದಲಿಸಿದ, ಯಾಕೆ, ಇಷ್ಟು ಬರೆದು ಬರ್ತಿದ್ದ. ನೀನೇ ಮಾಡಿದ್ದಲ್ಲ, ನಿಂಗ ನೆನಪಿರಂಗಿಲ್ಲೇನು ಅಂತ ಕೇಳಿದರೆ, “ಇದು ನಂಗಲ್ಲೋ ತಮ್ಮಾ, ನಾ ಇಲ್ದಾಗ ಬರೋನಿಗಿ” ಅಂತಿದ್ದ. ಬಿಇ ಓದುವಾಗ ಸಾಫ್ಟ್‌ವೇರ್ ಎಂಜಿನಿಯರಿಂಗ್ ಅಂತ ಒಂದು ಇಡೀ ವಿಷಯ ಇತ್ತು ನಮಗೆ. ಅದರಲ್ಲಿ ಡಾಕ್ಯುಮೆಂಟೇಷನ್ ಬಗ್ಗೆ ಬರೆದಿದ್ದು ಒಂದೂ ಈಗ ನೆನಪಿಲ್ಲ, ಈ ಮಾತು ನೆನಪಿದೆ.

ಟಿಪ್ಪಣಿಯ ಕೆಳಗೆ ಸಾಲಾಗಿ ಹೆಸರುಗಳು ಬರ್ತವೆ. ಇಲ್ಲೇ ನೋಡ್ರಿ ನಮ್ಮ ಎಲ್‌ಜಿಟಿಎಂಗೂ ಅವರ ವಿಮರ್ಶೆಗೂ ಇರೋ ದೂರ. ‘ಸೈನ್ಡ್-ಆಫ್-ಬೈ’ ಅಂದ್ರೆ ಈ ಕೋಡನ್ನು ಕೊಡೋ ಹಕ್ಕು ನನಗಿದೆ, ನನ್ನ ಕೈ ಹಾದು ಹೋಗಿದೆ ಅಂತ. ಕರ್ನಲ್ಲಿನ ಕೋಡು ಯಾರ ಸ್ವತ್ತು ಅಂತ ಎಸ್‌ಸಿಒ ಕಂಪನಿ ಕೋರ್ಟು ಕಚೇರಿ ಹತ್ತಿಸಿದ ಮೇಲೆ, 2004ರಲ್ಲಿ ಬಂದ ಪದ್ಧತಿ ಇದು. ‘ಆಕ್ಡ್-ಬೈ’ ಅಂದ್ರೆ ನನ್ನ ತಕರಾರಿಲ್ಲ. ‘ಟೆಸ್ಟೆಡ್-ಬೈ’ ಅಂದ್ರೆ ಓಡಿಸಿ ನೋಡಿದೀನಿ. ‘ರಿಪೋರ್ಟೆಡ್-ಬೈ’ ಅಂದ್ರೆ ತೊಂದರೆ ಮೊದಲು ಕಂಡಿದ್ದು ಇವರಿಗೆ. ಇವೆಲ್ಲದಕ್ಕಿಂತ ಭಾರವಾದದ್ದು ‘ರಿವ್ಯೂಡ್-ಬೈ’. ಅದಕ್ಕೆ ಕರ್ನಲ್ಲಿನ ನಿಯಮಾವಳಿಯಲ್ಲಿ ಪ್ರತ್ಯೇಕ ಹೇಳಿಕೆಯೇ ಇದೆ. ನಾನು ಇದನ್ನು ತಾಂತ್ರಿಕವಾಗಿ ಪರೀಕ್ಷಿಸಿದ್ದೀನಿ, ನನ್ನ ಅನುಮಾನಗಳನ್ನು ಬರೆದವರಿಗೆ ತಿಳಿಸಿದ್ದೀನಿ, ಉತ್ತರ ನನಗೆ ಸಮಾಧಾನ ತಂದಿದೆ, ಇದು ಸೇರಿಸೋಕೆ ಯೋಗ್ಯ ಅಂತ ನಂಬ್ತೀನಿ, ಆದರೂ ಗ್ಯಾರಂಟಿ ಕೊಡೋದಿಲ್ಲ. ಹೆಸರು ಹಾಕಿದ ಮೇಲೆ ಇಷ್ಟನ್ನೂ ಹೇಳಿದ ಹಾಗೆ.

ಓದಿದೆ, ಒಪ್ಪಿದೆ, ಓಡಿಸಿದೆ, ಅಡ್ಡಿಯಿಲ್ಲ. ಇವು ನಾಲ್ಕು ಬೇರೆ ಬೇರೆ ಮಾತು. ನಾವು ನಾಲ್ಕನ್ನೂ ಹಸಿರು ಟಿಕ್ ಒಂದರಲ್ಲಿ ಅದ್ದಿಬಿಟ್ಟಿದ್ದೀವಿ. ಆಮೇಲೆ ಏನಾದರೂ ಒಡೆದಾಗ, ಟಿಕ್ ಹಾಕಿದವನು ಓದಿದ್ದನೋ ಅಥವಾ ಅಡ್ಡಿಯಿಲ್ಲ ಅಂದಿದ್ದನೋ ಅಂತ ಮೀಟಿಂಗ್ ಕರೀತೀವಿ.

ಇನ್ನು ಮುಖ್ಯ ದಾಖಲೆ. ಬರೆದವರು ಜಿಮ್ ಕೆನಿಸ್ಟನ್ ಮತ್ತು ಪಂಚಮುಖಿ, ಆಮೇಲೆ ಜಪಾನಿನ ಮಸಾಮಿ ಹಿರಾಮತ್ಸು ಸೇರಿಕೊಂಡರು. ಪರಿಕಲ್ಪನೆ, ಬಳಸೋ ವಿಧಾನ, ಉದಾಹರಣೆ, ಇವೆಲ್ಲ ಎಲ್ಲ ದಾಖಲೆಗಳಲ್ಲೂ ಇರ್ತವೆ, ಇಲ್ಲೂ ಅಚ್ಚುಕಟ್ಟಾಗಿವೆ. ಈ ದಾಖಲೆ ಕೃತಿ ಅನ್ನಿಸಿಕೊಳ್ಳೋದು ಐದನೇ ಅಧ್ಯಾಯದಲ್ಲಿ. ಅದರ ವಿಷಯ ಕೆಪ್ರೋಬ್ಸಿನ ವೈಶಿಷ್ಟ್ಯ ಮತ್ತು ಮಿತಿಗಳು. ವೈಶಿಷ್ಟ್ಯ ಬೇಗ ಮುಗಿಯುತ್ತೆ, ಮಿತಿಗಳು ಪ್ಯಾರಾ ಮೇಲೆ ಪ್ಯಾರಾ ಬರ್ತವೆ.

ಕರ್ನಲ್ಲಿನಲ್ಲಿ ಹೆಚ್ಚುಕಡಿಮೆ ಎಲ್ಲಿ ಬೇಕಾದರೂ ತೂತು ಕೊರೆಯಬಹುದು, ಕೆಪ್ರೋಬ್ಸಿನ ಸ್ವಂತ ಕೋಡಿನಲ್ಲಿ ಮಾತ್ರ ಆಗೋದಿಲ್ಲ ಅಂತ ಒಪ್ಪಿಕೊಳ್ಳುತ್ತೆ. ದೀಪದ ಬುಡದಲ್ಲಿ ಕತ್ತಲೆ ಅಂತ ದೀಪವೇ ಹೇಳೋದು ಅಪರೂಪ. ನಿಮ್ಮ ಹ್ಯಾಂಡ್ಲರ್ ರಿಜಿಸ್ಟರುಗಳನ್ನೂ ಡೇಟಾವನ್ನೂ ಬದಲಿಸಬಹುದು, ಅದರಿಂದ ದೋಷ ಸರಿಪಡಿಸಬಹುದು ಅಥವಾ ಪರೀಕ್ಷೆಗಾಗಿ ಬೇಕಂತಲೇ ದೋಷ ಹಾಕಬಹುದು, ಆದರೆ ಬೇಕಂತ ಹಾಕಿದ ದೋಷ ಯಾವುದು, ಕೈತಪ್ಪಿ ಆದದ್ದು ಯಾವುದು ಅಂತ ಕೆಪ್ರೋಬ್ಸಿಗೆ ಗೊತ್ತಾಗೋದಿಲ್ಲ ಅಂತ ಹೇಳಿ, ಹೆದ್ದಾರಿ ಫಲಕದ ಧಾಟಿಯಲ್ಲಿ ಕುಡಿದು ಪ್ರೋಬ್ ಹಾಕೋದು ಬೇಡ ಅನ್ನುತ್ತೆ. ತಾಂತ್ರಿಕ ದಾಖಲೆಯಲ್ಲಿ ತಮಾಷೆ ಸಾಮಾನ್ಯವಾಗಿ ಕೆಟ್ಟದಾಗಿರುತ್ತೆ. ಇದು ಚೆನ್ನಾಗಿದೆ, ಯಾಕಂದ್ರೆ ಇದರಲ್ಲಿ ಎಚ್ಚರಿಕೆ ನಿಜವಾದದ್ದು.

ನನಗೆ ವೈಯಕ್ತಿಕವಾಗಿ ಉಪಕಾರ ಮಾಡಿದ ಸಾಲು ಇನ್ನೊಂದಿದೆ. ಕೆಲಸಕ್ಕೆ ಸೇರಿದ ಮೊದಲ ಕೆಲವು ವರ್ಷಗಳ ಮಾತು. ಕಂಪನಿಯ ಹೆಸರು ಬೇಡ. ಒಂದು ಸರ್ವಿಸ್ ರಾತ್ರಿ ಹೊತ್ತು ತೆವಳ್ತಿತ್ತು. ಅದಕ್ಕೆ ಕೊನೆಯ ಬದಲಾವಣೆ ಮಾಡಿದವನು ಆಗಲೇ ನೋಟಿಸ್ ಪೀರಿಯಡ್ ಮುಗಿಸಿ ಹೋಗಿದ್ದ. ಕಮಿಟ್ ಟಿಪ್ಪಣಿ ಎರಡೇ ಪದ, ಅವನ ಕೆಟಿ ದಾಖಲೆ ಅಂದ್ರೆ ಮೂರು ಸ್ಕ್ರೀನ್‌ಶಾಟ್. ಡಿಸ್ಕ್ ಕಡೆ ಹೋಗೋ ಹಾದಿಯಲ್ಲಿ ಕರ್ನಲ್ ಫಂಕ್ಷನ್ ಒಂದಕ್ಕೆ ಪ್ರೋಬ್ ಹಾಕಿ ಎಣಿಸ್ತಾ ಕೂತೆ. ಸಾವಿರಾರು ಬೀಳಬೇಕಾದ ಕಡೆ ಹತ್ತಾರು ಬೀಳ್ತಿತ್ತು. ಕೇಳೋಣ ಅಂದ್ರೆ ಪಕ್ಕದ ಸೀಟಿನಲ್ಲಿ ಸೀನಿಯರ್ ಇಲ್ಲ. ದೊಡ್ಡ ಕಾಲೇಜಿನಿಂದ ಬಂದವರ ಹಾಗೆ ‘ನಮ್ಮ ಬ್ಯಾಚಿನವನೊಬ್ಬ ಕರ್ನಲ್ ಟೀಮಿನಲ್ಲಿದ್ದಾನೆ, ತಾಳು’ ಅಂತ ಫೋನ್ ಎತ್ತೋಕೆ ನನ್ನ ಬ್ಯಾಚಿನಲ್ಲಿ ಅಂಥವರ್ಯಾರೂ ಇರಲಿಲ್ಲ. ಆಗ ಈ ದಾಖಲೆಯ ಐದನೇ ಅಧ್ಯಾಯ ಸಿಕ್ಕಿತು. ಕಂಪೈಲರು ಫಂಕ್ಷನ್ನನ್ನು ಕರೆದ ಜಾಗದಲ್ಲೇ ಬಿಚ್ಚಿ ಹಾಸಿಬಿಟ್ಟಿರಬಹುದು, ಅದೂ ಯಾರೂ ಕೇಳದೆಯೇ. ಹಾಗೆ ಹಾಸಿದ ಪ್ರತಿಗಳನ್ನೆಲ್ಲ ಹುಡುಕಿಕೊಂಡು ಕೆಪ್ರೋಬ್ಸ್ ಹೋಗೋದಿಲ್ಲ. ನೀವು ಎಣಿಸಿದಷ್ಟು ಪ್ರೋಬ್ ಬೀಳದಿದ್ದರೆ ಇದನ್ನು ನೆನಪಿಡಿ. ಸಾರಾಂಶ ಇಷ್ಟು.

ಬರೆದವರಿಗೆ ಒಬ್ಬ ಓದುಗ ಕಣ್ಣೆದುರು ಇದ್ದ ಅನ್ನೋದು ಇಲ್ಲಿ ಗೊತ್ತಾಗುತ್ತೆ. ಆ ಓದುಗನ ಕೈಯಲ್ಲಿ ಕೆಲಸ ಮಾಡದ ಪ್ರೋಬ್ ಇದೆ, ತಪ್ಪು ತನ್ನದೋ ಸಾಧನದ್ದೋ ಅಂತ ಅವನಿಗೆ ತಿಳಿಯದು. ಅವನಿಗೆ ಬೇಕಾಗಿರೋದು ಫಂಕ್ಷನ್ನುಗಳ ಪಟ್ಟಿ ಅಲ್ಲ. ಒಳ್ಳೆ ಕಾಲೇಜು, ಒಳ್ಳೆ ಟೀಮು, ಒಳ್ಳೆ ಮ್ಯಾನೇಜರ್ ಸಿಕ್ಕವರಿಗೆ ಈ ಮಾತು ಕಾಫಿ ಕುಡಿಯುವಾಗ ಸಿಗುತ್ತೆ. ಮಿಕ್ಕವರಿಗೆ ಬರಹದಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಔರಾದಿನಿಂದ, ಭಾಲ್ಕಿಯಿಂದ ಬರೋ ಹುಡುಗ ಹುಡುಗಿಯರು ಈ ಕೆಲಸದಲ್ಲಿ ನಿಲ್ತಾರಾ ಅನ್ನೋ ಪ್ರಶ್ನೆಗೆ ನಾವು ಇಂಗ್ಲಿಷ್, ಆತ್ಮವಿಶ್ವಾಸ, ಸಾಫ್ಟ್ ಸ್ಕಿಲ್ ಅಂತ ಏನೇನೋ ಹೇಳ್ತೀವಿ. ಕಂಪನಿಯ ದಾಖಲೆಗಳು ಓದೋ ಹಾಗಿವೆಯಾ ಅಂತ ಯಾರೂ ಕೇಳಿದ್ದು ನಾನು ಕಾಣೆ.

ಈ ಅಧ್ಯಾಯದಲ್ಲೇ ಒಂದು ಸಣ್ಣ ಎಣಿಕೆಯ ಪ್ರಸ್ತಾಪ ಬರುತ್ತೆ, ಅದರ ಹೆಸರು ‘ಎನ್‌ಮಿಸ್ಡ್’. ಒಂದು ಪ್ರೋಬಿನ ಹ್ಯಾಂಡ್ಲರ್ ಓಡ್ತಿರುವಾಗಲೇ ಇನ್ನೊಂದು ಪ್ರೋಬ್ ಬಿದ್ದರೆ ಏನು ಮಾಡೋದು? ಉದಾಹರಣೆಗೆ, ಕರ್ನಲ್ಲಿನಲ್ಲಿ ಸಂದೇಶ ಮುದ್ರಿಸೋ ಪ್ರಿಂಟ್‌ಕೆ ಫಂಕ್ಷನ್ನಿಗೇ ಪ್ರೋಬ್ ಹಾಕಿ, ಅದರ ಹ್ಯಾಂಡ್ಲರಿನಲ್ಲೂ ಪ್ರಿಂಟ್‌ಕೆ ಕರೆದರೆ? ಒಳಗೊಳಗೇ ಸುತ್ತಿ ಯಂತ್ರ ಕೂತುಬಿಡುತ್ತೆ. ಹಾಗಾಗಿ ಕೆಪ್ರೋಬ್ಸ್ ಎರಡನೆಯದರ ಹ್ಯಾಂಡ್ಲರನ್ನು ಓಡಿಸೋದಿಲ್ಲ. ಆದರೆ ಸುಮ್ಮನೆ ಬಿಡೋದೂ ಇಲ್ಲ, ಎನ್‌ಮಿಸ್ಡ್ ಅನ್ನು ಒಂದು ಹೆಚ್ಚಿಸುತ್ತೆ. ರಿಟರ್ನ್ ಪ್ರೋಬಿನಲ್ಲೂ ಅಷ್ಟೇ. ಒಂದೇ ಸಲ ಇಂತಿಷ್ಟು ಕರೆಗಳನ್ನು ಮಾತ್ರ ಹಿಂಬಾಲಿಸಬಲ್ಲೆ ಅಂತ ಮಿತಿ ಇಟ್ಟುಕೊಂಡು, ಮಿತಿ ದಾಟಿದಾಗ ಬಿಟ್ಟುಹೋದವನ್ನು ಎಣಿಸುತ್ತೆ. ಆಮೇಲೆ ಬಂದ ಟ್ರೇಸಿಂಗ್ ವ್ಯವಸ್ಥೆಯ ಪ್ರೊಫೈಲ್ ಕಡತದಲ್ಲೂ ಪ್ರೋಬಿನ ಹೆಸರು, ಎಷ್ಟು ಸಲ ಬಿತ್ತು, ಎಷ್ಟು ಸಲ ತಪ್ಪಿತು ಅಂತ ಮೂರು ಕಾಲಂ ಇದೆ.

ಇಪ್ಪತ್ತು ವರ್ಷದ ಈ ಕೃತಿಯಲ್ಲಿ ನನಗೆ ಅತಿ ದೊಡ್ಡದಾಗಿ ಕಾಣೋದು ಈ ಮೂರನೇ ಕಾಲಂ. ನಾನು ಕಾಣದೇ ಹೋದದ್ದು ಇಷ್ಟು ಅಂತ ಸಾಧನವೇ ಲೆಕ್ಕ ಕೊಡೋದು. ನಮ್ಮ ಡ್ಯಾಶ್‌ಬೋರ್ಡುಗಳನ್ನು ತೆಗೆದು ನೋಡಿ. ಬಿದ್ದದ್ದರ ಗ್ರಾಫ್ ಬಣ್ಣಬಣ್ಣವಾಗಿ ಇರುತ್ತೆ, ತಪ್ಪಿದ್ದರ ಗ್ರಾಫ್ ಎಲ್ಲಿದೆ? ಸ್ಯಾಂಪ್ಲಿಂಗಿನಲ್ಲಿ ಬಿಟ್ಟ ಲಾಗುಗಳೆಷ್ಟು, ರಿವ್ಯೂನಲ್ಲಿ ಓದದೇ ಬಿಟ್ಟ ಕಡತಗಳೆಷ್ಟು ಅಂತ ಬರೆಯೋ ಜಾಗವೇ ಇಲ್ಲ.

ಇಷ್ಟು ಹೊಗಳಿದ ಮೇಲೆ ತಕರಾರಿಗೆ ಬರ್ತೀನಿ.

ಪ್ರೋಬಿನ ಖರ್ಚಿನ ಬಗ್ಗೆ ಒಂದು ಅಧ್ಯಾಯ ಇದೆ. 2005ರಲ್ಲಿ ಬಳಕೆಯಲ್ಲಿದ್ದ ಸಾಧಾರಣ ಪ್ರೊಸೆಸರಿನಲ್ಲಿ ಒಂದು ಪ್ರೋಬ್ ಬಿದ್ದರೆ 0.5ರಿಂದ 1 ಮೈಕ್ರೋಸೆಕೆಂಡ್ ಅಂತ ಹೇಳಿ, 1495 ಮೆಗಾಹರ್ಟ್ಸಿನ ಪೆಂಟಿಯಂ ಎಂ ಮೇಲೆ 0.57 ಅಂತ ಕೋಷ್ಟಕ ಕೊಡುತ್ತೆ. ವರ್ಷವನ್ನೂ ಯಂತ್ರವನ್ನೂ ಹೆಸರಿಸಿದ್ದು ಪ್ರಾಮಾಣಿಕತೆ, ಒಪ್ಪಿದೆ. 2010ರಲ್ಲಿ, 2.6.34ರ ಹೊತ್ತಿಗೆ, ಬ್ರೇಕ್‌ಪಾಯಿಂಟ್ ಬದಲು ನೇರವಾಗಿ ಜಿಗಿಯೋ ಸೂಚನೆ ಹಾಕೋ ಸುಧಾರಣೆ ಬಂತು. ಹಿರಾಮತ್ಸು ಆಗ ಹಳೇ ಅಂಕಿ ಅಳಿಸಲಿಲ್ಲ. ಕೆಳಗೆ ಹೊಸ ಭಾಗ ಸೇರಿಸಿ, ಒಂದೇ ಯಂತ್ರದ ಮೇಲೆ ಮಾಮೂಲಿ ಪ್ರೋಬಿಗೆ 0.80, ಸುಧಾರಿಸಿದ್ದಕ್ಕೆ 0.05 ಅಂತ ಪಕ್ಕಪಕ್ಕ ಇಟ್ಟರು. ಬದಲಾವಣೆಯನ್ನು ದಾಖಲಿಸೋದು ಅಂದ್ರೆ ಹೀಗೆ. ಆದರೆ ಆಮೇಲೆ? ಇವತ್ತಿನ ಓದುಗ ಕ್ಲೌಡಿನಲ್ಲಿ ಬಾಡಿಗೆಗೆ ತಗೊಂಡ ಯಂತ್ರದ ಖರ್ಚು ತಿಳಿಯೋಕೆ ಹೋದರೆ ಸಿಗೋದು ಪೆಂಟಿಯಂ ಎಂ. ಕೋಡಿನ ಪ್ರತಿ ಸಾಲಿಗೂ ಕಾವಲಿರೋ ಕಡೆ ಅಳತೆಗೆ ಕಾವಲಿಲ್ಲ.

ಜಂಪರ್ ಪ್ರೋಬಿನ ಕಥೆ ಇನ್ನೂ ಸೂಕ್ಷ್ಮ. ಸುಪರ್ಣಾ ಅವರು 2004ರಲ್ಲಿ ಸೇರಿಸಿದ್ದನ್ನು 4.15ರ ಹೊತ್ತಿಗೆ ನಿಷ್ಕ್ರಿಯ ಮಾಡಿದರು, 2018ರಲ್ಲೇ ಕೋಡನ್ನೂ ತೆಗೆದರು. ಫಂಕ್ಷನ್ನಿನ ಆರ್ಗ್ಯುಮೆಂಟ್ ನೋಡೋಕೆ ಅಷ್ಟೊತ್ತಿಗೆ ಎಫ್‌ಟ್ರೇಸ್, ಪರ್ಫ್ ದಾರಿಗಳು ಬಂದಿದ್ದವು, ಹಳೇ ದಾರಿ ಹೊರೆಯಾಗಿತ್ತು. ತೆಗೆದದ್ದರ ಬಗ್ಗೆ ನನಗೆ ಅಭ್ಯಂತರ ಇಲ್ಲ. ಇದನ್ನು ನಂಬಿಕೊಂಡಿದ್ದವರು ಯಾವ ದಾರಿಗೆ ಹೋಗಬೇಕು ಅಂತ ದಾಖಲೆಯಲ್ಲಿ ಬರೆದರು, ಅದೂ ಸರಿ. ಯಾಕೆ ತೆಗೆದರು ಅನ್ನೋದು ಮಾತ್ರ ಅಲ್ಲಿಲ್ಲ, ಕಮಿಟ್ ಟಿಪ್ಪಣಿಗಳಲ್ಲಿ ಹೋಗಿ ಹುಡುಕಬೇಕು. ಹೊಸಬ ಅಲ್ಲಿಗೆ ಹೋಗೋದಿಲ್ಲ, ಅವನು ದಾಖಲೆ ಓದ್ತಾನೆ. ಆದರೆ ಕಡತದ ತಲೆಯಲ್ಲಿ ‘2004 ಜುಲೈ, ಸುಪರ್ಣಾ ಭಟ್ಟಾಚಾರ್ಯ’ ಅನ್ನೋ ಸಾಲು ಹಾಗೇ ಇದೆ. ಮಾಡಿದ ಕೆಲಸ ಹೋಯಿತು, ಮಾಡಿದ್ದು ಹೋಗಲಿಲ್ಲ. ನಾನು ಕೆಲಸ ಮಾಡಿದ ಜಾಗಗಳಲ್ಲಿ ಒಂದು ಫೀಚರ್ ತೆಗೆದರೆ ಅದರ ವಿಕಿ ಪುಟವನ್ನೂ, ಕೆಲವು ಸಲ ಟೀಮನ್ನೂ, ಜೊತೆಗೇ ಗುಡಿಸಿ ಹಾಕ್ತಿದ್ದರು.

ಚೆಂದದ ಟಿಪ್ಪಣಿ ಇದ್ದರೆ ಸಾಕು ಅಂತ ನಾನು ಹೇಳ್ತಿಲ್ಲ. 2024ರ ಮಾರ್ಚಿನಲ್ಲಿ ಎಕ್ಸ್‌ಜೆಡ್ ಅನ್ನೋ ಕಂಪ್ರೆಷನ್ ಲೈಬ್ರರಿಯಲ್ಲಿ ಹಿಂಬಾಗಿಲು ಸಿಕ್ಕಿತಲ್ಲ, ಅಲ್ಲಿ ಟಿಪ್ಪಣಿಗಳು ಸಭ್ಯವಾಗೇ ಇದ್ದವು. ದುಷ್ಟ ಕೋಡನ್ನು ಪರೀಕ್ಷಾ ಕಡತಗಳೊಳಗೆ ಬಚ್ಚಿಟ್ಟು, ಆ ಕಡತಗಳನ್ನು ಬದಲಿಸುವಾಗ ಯಾಕೆ ಬದಲಿಸ್ತಿದ್ದೀನಿ ಅಂತ ನಂಬುವಂಥ ಕಾರಣವನ್ನೂ ಬರೆದಿದ್ದರು. ಹಿಂಬಾಗಿಲನ್ನು ಚಾಲೂ ಮಾಡೋ ಬಿಲ್ಡ್ ಸ್ಕ್ರಿಪ್ಟಂತೂ ಗಿಟ್‌ನಲ್ಲೇ ಇರಲಿಲ್ಲ, ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇತ್ತು. ಹಿಡಿದದ್ದು ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್, ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗ್ತಿದೆಯಲ್ಲ ಯಾಕೆ ಅಂತ ಡೀಬಗ್ ಮಾಡಿ. ಟಿಪ್ಪಣಿ ಬರೆಯೋದು ಬರೆದವನ ಕೆಲಸ. ಅದು ಕೋಡಿನ ಜೊತೆ ಹೊಂದುತ್ತಾ ಅಂತ ನೋಡೋದು ಓದುವವನ ಕೆಲಸ. ಅಲ್ಲಿ ಓದುವವರು ಇದ್ದದ್ದೇ ದಣಿದ ಒಬ್ಬ ಮೇಂಟೇನರ್.

ಈಗಂತೂ ಟಿಪ್ಪಣಿ ಬರೆಯೋಕೂ ಎಐ ಬಂದಿದೆ. ‘ಮೈನರ್ ಫಿಕ್ಸ್’ ಜಾಗದಲ್ಲಿ ಎಂಟು ಬುಲೆಟ್ ಪಾಯಿಂಟ್ ಬರ್ತಿವೆ. ಯಾವ ಫಂಕ್ಷನ್ ಎಲ್ಲಿಗೆ ಸರಿಯಿತು, ಯಾವ ಹೆಸರು ಬದಲಾಯಿತು, ಎಲ್ಲ ಇರುತ್ತೆ. ಅದನ್ನೆಲ್ಲ ಕೋಡಿನಿಂದಲೇ ಓದಬಹುದಿತ್ತು. ಯಾವ ಗ್ರಾಹಕ ಫೋನ್ ಮಾಡಿದ್ದ, ಇನ್ಯಾವ ದಾರಿ ನೋಡಿ ಬಿಟ್ಟಿರಿ, ಇದರಿಂದ ಏನು ಒಡೆಯಬಹುದು ಅಂತ ನಿಮಗೆ ಹೆದರಿಕೆ ಇದೆ, ಇವು ಕೋಡಿನಲ್ಲಿಲ್ಲ. ಅದಕ್ಕೇ ಟಿಪ್ಪಣಿಯಲ್ಲೂ ಇಲ್ಲ. ಎರಡು ಪದದ ಟಿಪ್ಪಣಿ ನೋಡಿದ ಕೂಡಲೇ ಏನೋ ಕಮ್ಮಿ ಅಂತಾದರೂ ಗೊತ್ತಾಗ್ತಿತ್ತು.

2006ರ ಒಟ್ಟಾವಾ ಲಿನಕ್ಸ್ ಸಮಾವೇಶದಲ್ಲಿ ಕೆಪ್ರೋಬ್ಸಿನ ಒಳಗುಟ್ಟಿನ ಬಗ್ಗೆ ಒಂದು ಪ್ರಬಂಧ ಬಂತು, ಲೇಖಕರು ಐದು ಜನ. ಪಂಚಮುಖಿ, ಕೆನಿಸ್ಟನ್, ಹಿರಾಮತ್ಸು ಜೊತೆಗೆ ಅನಿಲ್ ಕೇಶವಮೂರ್ತಿ ಮತ್ತು ಅನಂತ ಮಾವಿನಕಾಯನಹಳ್ಳಿ. ಕೊನೆಯ ಎರಡು ಹೆಸರು ಕರ್ನಲ್ಲಿನ ಮೇಂಟೇನರ್ ಪಟ್ಟಿಯಲ್ಲೂ ವರ್ಷಗಟ್ಟಲೆ ಇದ್ದವು. ಮಾವಿನಕಾಯನಹಳ್ಳಿ ಅನ್ನೋದನ್ನು ಆ ಪಟ್ಟಿಯಲ್ಲಿ ಮೊದಲು ಕಂಡಾಗ ಜೋರಾಗಿ ಓದಿದ್ದೆ. ಜಪಾನಿನವರು ಫೋನಿನಲ್ಲಿ ಇದನ್ನು ಹೇಗೆ ಕರೀತಿದ್ದರೋ. ಬೇರೆ ಬೇರೆ ಕಂಪನಿ, ಬೇರೆ ಬೇರೆ ದೇಶ, ಒಬ್ಬರಿಗೊಬ್ಬರು ಕೆಟಿ ಕೊಡೋಕೆ ಒಂದೇ ಮೀಟಿಂಗ್ ರೂಮಿನಲ್ಲಿ ಕೂತವರಲ್ಲ. ಕೆಲಸ ಕೈಬದಲಾಗಿ ಇನ್ನೂ ನಡೀತಿದೆ.

ಕೊನೆಯ ತಕರಾರು ಒಂದಿದೆ. ದಾಖಲೆಯ ಏಳನೇ ಅಧ್ಯಾಯ ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿ. ಅದರಲ್ಲಿ ಯೂಸರ್ ಸ್ಪೇಸ್ ಪ್ರೋಬ್, ಅಂದ್ರೆ ಕರ್ನಲ್ಲಿನ ಹೊರಗಿನ ಮಾಮೂಲಿ ಪ್ರೋಗ್ರಾಮುಗಳಿಗೂ ಇದೇ ಥರ ತೂತು ಕೊರೆಯೋದು, ಇನ್ನೂ ಬಾಕಿ ಇರೋ ಕೆಲಸ ಅಂತ ಇದೆ. ಆ ಕೆಲಸ ಮುಗಿದೇ ವರ್ಷಗಳಾದವು. ಐಬಿಎಂ ಇಂಡಿಯಾದ ಶ್ರೀಕರ್ ದ್ರೋಣಂರಾಜು ಮುಂದೆ ನಿಂತು ಹಲವು ಸುತ್ತಿನ ವಿಮರ್ಶೆ ದಾಟಿಸಿ 2012ರಲ್ಲಿ, 3.5 ಆವೃತ್ತಿಗೆ, ಯುಪ್ರೋಬ್ಸ್ ಹೆಸರಿನಲ್ಲಿ ಸೇರಿಸಿದರು. ನಾನು ಕೊನೆಯ ಸಲ ನೋಡಿದಾಗಲೂ ಪಟ್ಟಿಯಲ್ಲಿ ಆ ಸಾಲು ಹಾಗೇ ಇತ್ತು. ದಾಖಲೆಯನ್ನು ರೂಪ ಬದಲಿಸಿದರು, ಒಂದು ಕಡತಕೋಶದಿಂದ ಇನ್ನೊಂದಕ್ಕೆ ಸಾಗಿಸಿದರು. ಪ್ರತಿ ಸಲವೂ ಯಾರೋ ಓದಿ ಹೆಸರು ಹಾಕಿರ್ತಾರೆ. ಕೋಡ್ ತಪ್ಪಿದರೆ ಯಂತ್ರ ಬೀಳುತ್ತೆ, ಎಲ್ಲರಿಗೂ ಗೊತ್ತಾಗುತ್ತೆ. ದಾಖಲೆ ತಪ್ಪಿದರೆ ಓದುಗನೊಬ್ಬನ ಒಂದು ಸಂಜೆ ಹಾಳಾಗುತ್ತೆ, ಅದಕ್ಕೆ ಎಣಿಕೆ ಇಲ್ಲ.

ಪ್ಯಾಚ್ ಸಣ್ಣದು, ಒಂದು ಸಾಲು ಕಳೆಯೋದು. ಟಿಪ್ಪಣಿಯನ್ನು ಮೊದಲು ಕನ್ನಡದಲ್ಲಿ ಬರ್ಕೊಂಡಿದ್ದೀನಿ, ಇಂಗ್ಲಿಷಿಗೆ ಮಾಡಿ ಕಳಿಸಬೇಕು. “ಬಾಕಿ ಕೆಲಸಗಳ ಪಟ್ಟಿಯಿಂದ ಯೂಸರ್ ಸ್ಪೇಸ್ ಪ್ರೋಬ್ ಸಾಲನ್ನು ತೆಗೆ. ಈ ಸೌಲಭ್ಯ 3.5ರಿಂದಲೇ ಇದೆ. ಪಟ್ಟಿ ಓದಿದ ಹೊಸಬರು ಇದು ಇನ್ನೂ ಇಲ್ಲ ಅಂದುಕೊಂಡು ಬೇರೆ ದಾರಿ ಹುಡುಕುವ ಸಾಧ್ಯತೆ ಇದೆ. ಅದರ ಜಾಗದಲ್ಲಿ ಯುಪ್ರೋಬ್ಸ್ ದಾಖಲೆಯ ಕಡೆ ಕೈ ತೋರಿಸು. ಕೋಡಿನಲ್ಲಿ ಬದಲಾವಣೆ ಇಲ್ಲ.”